ಕಂಪ್ಯೂಟರಿನ ಕಾವಿಗೆ ವೇಗವೇ ಕಾರಣವೇ?

ಬೇಸಿಗೆ ಬಂತೆಂದರೆ ಕಂಪ್ಯೂಟರ್ ದುರಸ್ತಿ ಮಾಡುವವರಿಗೆ ಸುಗ್ಗಿ. ಯಂತ್ರ ವಿಪರೀತ ಕಾಯುತ್ತಿದೆ, ಕೆಲಸದ ನಡುವೆ ತಾನಾಗಿಯೇ ನಿಂತುಬಿಡುತ್ತಿದೆ ಎಂಬುದು ಸಾಮಾನ್ಯವಾಗಿ ಕೇಳಿಬರುವ ದೂರು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ನಾಲ್ಕು ಅಂಗಡಿ ಹತ್ತಿಳಿದು ವಿಚಾರಿಸಿದರೆ ಇದಕ್ಕೆ ಎರಡು ಬಗೆಯ ಉತ್ತರ ದೊರೆಯುತ್ತದೆ. 'ನೀವು ಹಾಕಿಸಿರುವ ರ‍್ಯಾಮ್ ಬಹಳ ವೇಗದ್ದು, ಅದಕ್ಕೇ ಬಿಸಿ' ಎಂಬುದು ಒಂದು. 'ಇದಕ್ಕಿಂತ ವೇಗದ ರ‍್ಯಾಮ್ ಹಾಕಿಸಿ, ಯಂತ್ರದ ಶ್ರಮ ಕಡಿಮೆಯಾಗಿ ಬಿಸಿ ಇಳಿಯುತ್ತದೆ' ಎಂಬುದು ಇನ್ನೊಂದು. ಒಂದಕ್ಕೊಂದು ತದ್ವಿರುದ್ಧವಾದ ಈ ಸಲಹೆಗಳು ಒಂದೇ ಬೀದಿಯಲ್ಲಿ ಚಲಾವಣೆಯಲ್ಲಿವೆ. ಎರಡಕ್ಕೂ ಗ್ರಾಹಕನೇ ಹಣ ತೆರುತ್ತಾನೆ.

ನಾನು ಎಂಜಿನಿಯರ್ ಅಲ್ಲ. ಅರ್ಥಶಾಸ್ತ್ರ ಓದಿ, ಮೂರು ದಶಕಗಳಿಗೂ ಮಿಕ್ಕು ಸರ್ಕಾರಿ ಸೇವೆಯಲ್ಲಿದ್ದು, ಅದರಲ್ಲಿ ಸಾಕಷ್ಟು ಕಾಲವನ್ನು ಖರೀದಿ ಸಮಿತಿಗಳ ಮೇಜಿನ ಮುಂದೆ ಕಳೆದವನು. ಆದರೆ ಶಾಖವೆಂಬುದು ವಿದ್ಯುತ್ತಿನ ವೆಚ್ಚದ ಇನ್ನೊಂದು ಹೆಸರು. ಕಂಪ್ಯೂಟರಿನೊಳಗೆ ಹೋದ ವಿದ್ಯುತ್ ಹೆಚ್ಚುಕಡಿಮೆ ಪೂರ್ತಿಯಾಗಿ ಶಾಖವಾಗಿಯೇ ಹೊರಬರುತ್ತದೆ. ವೆಚ್ಚ ಎಲ್ಲಿ ಹುಟ್ಟುತ್ತದೆ, ಅದನ್ನು ಯಾರು ಭರಿಸುತ್ತಾರೆ, ಮಾರುವವನು ಅದನ್ನು ಕೊಳ್ಳುವವನಿಗೆ ತಿಳಿಸುತ್ತಾನೆಯೇ ಎಂಬ ಪ್ರಶ್ನೆಗಳು ಅರ್ಥಶಾಸ್ತ್ರದವು. ಆ ಸಲಿಗೆಯಿಂದ ಈ ವಿಷಯಕ್ಕೆ ಕೈಹಾಕಿದ್ದೇನೆ.

ಮೊದಲು ನೇರ ಪ್ರಶ್ನೆಗೆ ನೇರ ಉತ್ತರ. ತಯಾರಕರು ಗೊತ್ತುಪಡಿಸಿದ ಮಿತಿಯೊಳಗೆ ನಡೆಯುವ ವೇಗದ ಮೆಮೊರಿ ಕಂಪ್ಯೂಟರನ್ನು ಕಾಯಿಸುವುದಿಲ್ಲ. ಅದರ ಪಾಲು ಅತ್ಯಲ್ಪ. ಮಿತಿ ಮೀರಿ ಓಡಿಸುವ ಓವರ್‌ಕ್ಲಾಕಿಂಗ್ ಖಂಡಿತ ಕಾಯಿಸುತ್ತದೆ. ಅದಕ್ಕೆ ವೇಗಕ್ಕಿಂತಲೂ ಆ ವೇಗವನ್ನು ಗಿಟ್ಟಿಸಲು ಏರಿಸುವ ವೋಲ್ಟೇಜ್ ಹೆಚ್ಚು ಕಾರಣ. ಇನ್ನು 'ಅತಿಯಾದ ಬಿಸಿ' ಎಂದು ನಾವು ಕರೆಯುವುದು ಹುಟ್ಟಿದ ಶಾಖವನ್ನು ಹೊರಹಾಕಲು ಆಗದೆ ಹೋದ ಸ್ಥಿತಿಯನ್ನು. ಅದು ಬಹುಪಾಲು ಗಾಳಿ, ಧೂಳು ಮತ್ತು ಕೊಠಡಿಗೆ ಸಂಬಂಧಿಸಿದ್ದು.

ಇದರ ಹಿಂದಿನ ಲೆಕ್ಕ ಸರಳ. ಪ್ರತಿ ಚಿಪ್‌ಗೂ ಒಂದು ತಾಳವಿದೆ. ಆ ತಾಳಕ್ಕೆ ಸರಿಯಾಗಿ ಅದರೊಳಗಿನ ಕೋಟ್ಯಂತರ ಟ್ರಾನ್ಸಿಸ್ಟರ್‌ಗಳು ತೆರೆದು ಮುಚ್ಚುತ್ತವೆ. ಹೀಗೆ ತೆರೆದು ಮುಚ್ಚುವಾಗ ಖರ್ಚಾಗುವ ವಿದ್ಯುತ್ತು ತಾಳದ ವೇಗಕ್ಕೆ ನೇರ ಅನುಪಾತದಲ್ಲಿ ಏರುತ್ತದೆ. ಆದರೆ ವೋಲ್ಟೇಜಿನ ವರ್ಗದ ಅನುಪಾತದಲ್ಲಿ ಏರುತ್ತದೆ. ವೇಗವನ್ನು ಮಾತ್ರ ಶೇ 10 ಏರಿಸಿದರೆ ಶಾಖವೂ ಶೇ 10 ಏರುತ್ತದೆ. ಆದರೆ ಚಿಪ್ ಒಂದು ಹಂತದ ನಂತರ ಹೆಚ್ಚಿನ ವೋಲ್ಟೇಜ್ ಇಲ್ಲದೆ ಹೆಚ್ಚಿನ ವೇಗಕ್ಕೆ ಒಗ್ಗುವುದಿಲ್ಲ. ವೇಗದ ಜೊತೆಗೆ ವೋಲ್ಟೇಜನ್ನೂ ಶೇ 10 ಏರಿಸಬೇಕಾಯಿತು ಎನ್ನಿ. ಆಗ ಶಾಖ ಶೇ 33ರಷ್ಟು ಹೆಚ್ಚುತ್ತದೆ. ಹತ್ತು ರೂಪಾಯಿ ಲಾಭಕ್ಕೆ ಮೂವತ್ತಮೂರು ರೂಪಾಯಿ ಖರ್ಚು. ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಇದು ಇಳಿಮುಖ ಪ್ರತಿಫಲದ ಪಾಠ. ಹೊಲಕ್ಕೆ ಗೊಬ್ಬರ ಸುರಿದಷ್ಟೂ ಇಳುವರಿ ಏರುವುದಿಲ್ಲ ಎಂದು ರೈತನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಈಗ ಮೆಮೊರಿಯ ಕಥೆಗೆ ಬರೋಣ. 2000ದಲ್ಲಿ ಡಿಡಿಆರ್ ಎಂಬ ಮೆಮೊರಿ ಮಾನದಂಡ ಬಂದಾಗ ಅದರ ಆರಂಭಿಕ ವೇಗ, ಒಂದೊಂದು ತಂತಿಯ ಮೇಲೆ, ಸೆಕೆಂಡಿಗೆ 20 ಕೋಟಿ ರವಾನೆ. 2020ರಲ್ಲಿ ಪ್ರಕಟವಾದ ಡಿಡಿಆರ್5 ಮಾನದಂಡದ ಪ್ರಕಾರ ಮಾರುಕಟ್ಟೆಗೆ ಬಂದ ಮೊದಲ ಸಾಮಾನ್ಯ ಪಟ್ಟಿಗಳ ವೇಗ 480 ಕೋಟಿ. ಎರಡು ದಶಕಗಳಲ್ಲಿ 24 ಪಟ್ಟು. ಶಾಖವೂ 24 ಪಟ್ಟು ಏರಿತೇ? ಇಲ್ಲ. ಇದೇ ಅವಧಿಯಲ್ಲಿ ವೋಲ್ಟೇಜನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸಲಾಯಿತು: ಮೊದಲ ಡಿಡಿಆರ್‌ಗೆ 2.5 ವೋಲ್ಟ್, ಡಿಡಿಆರ್2ಕ್ಕೆ 1.8, ಡಿಡಿಆರ್3ಕ್ಕೆ 1.5, ಡಿಡಿಆರ್4ಕ್ಕೆ 1.2, ಡಿಡಿಆರ್5ಕ್ಕೆ 1.1. ವರ್ಗದ ಲೆಕ್ಕ ಹಿಡಿದರೆ ಈ ಇಳಿಕೆಯೊಂದರಿಂದಲೇ ಪ್ರತಿ ಚಲನೆಯ ವಿದ್ಯುತ್ ಖರ್ಚು ಐದನೇ ಒಂದು ಭಾಗಕ್ಕೆ ಕುಸಿದಿದೆ. ಚಿಪ್‌ನ ಒಳವಿನ್ಯಾಸದಲ್ಲಿ ಆದ ಉಳಿತಾಯ ಬೇರೆ. ಹೀಗಾಗಿ ಇಂದಿಗೂ ಮನೆಯ ಕಂಪ್ಯೂಟರಿನ ಒಂದು ರ‍್ಯಾಮ್ ಪಟ್ಟಿ ಎಳೆಯುವುದು ಸಾಮಾನ್ಯವಾಗಿ 3ರಿಂದ 5 ವಾಟ್ ಮಾತ್ರ. ಹಿಂದೆ ಮಲಗುವ ಕೋಣೆಯಲ್ಲಿ ಉರಿಯುತ್ತಿದ್ದ 'ಜೀರೊ ಬಲ್ಬ್', ಹೆಸರಿಗೆ ಸೊನ್ನೆಯಾದರೂ, 12ರಿಂದ 15 ವಾಟ್ ತಿನ್ನುತ್ತಿತ್ತು. ಎರಡು ರ‍್ಯಾಮ್ ಪಟ್ಟಿಗಳು ಸೇರಿ ಆ ಬಲ್ಬಿನಷ್ಟೂ ಬಿಸಿಯನ್ನು ಉಂಟುಮಾಡುವುದಿಲ್ಲ.

ಪ್ರೊಸೆಸರ್ ಕಡೆ ನೋಡಿ. ಇಂಟೆಲ್ ಸಂಸ್ಥೆಯ 13 ಮತ್ತು 14ನೇ ಪೀಳಿಗೆಯ ಮೇಲ್ದರ್ಜೆಯ ಪ್ರೊಸೆಸರ್‌ಗಳಿಗೆ ಸಂಸ್ಥೆಯೇ ನಮೂದಿಸಿರುವ ಗರಿಷ್ಠ ವಿದ್ಯುತ್ ಪ್ರಮಾಣ 253 ವಾಟ್. ಹಳೆಯ ಮಾದರಿಯ ಮೂರು ಸೀಲಿಂಗ್ ಫ್ಯಾನ್‌ಗಳು ಎಳೆಯುವುದಕ್ಕಿಂತಲೂ ಹೆಚ್ಚು ವಿದ್ಯುತ್ತು ಅಂಚೆಚೀಟಿಯಷ್ಟೂ ಇರದ ಸಿಲಿಕಾನ್ ತುಣುಕಿನಲ್ಲಿ ಶಾಖವಾಗುತ್ತದೆ. ಆಟ ಆಡುವವರ ಗ್ರಾಫಿಕ್ಸ್ ಕಾರ್ಡಿನ ಲೆಕ್ಕ ಇನ್ನೂ ದೊಡ್ಡದು. ಇಂಥ ಪೆಟ್ಟಿಗೆಯಲ್ಲಿ ಕುಳಿತ 8 ವಾಟ್‌ನ ಮೆಮೊರಿಯನ್ನು ಅಪರಾಧಿ ಸ್ಥಾನದಲ್ಲಿ ನಿಲ್ಲಿಸುವುದು ದರೋಡೆ ಪ್ರಕರಣದಲ್ಲಿ ಕಾವಲುಗಾರನ ಸೈಕಲ್ಲನ್ನು ಜಪ್ತಿ ಮಾಡಿದ ಹಾಗೆ.

ಹಾಗೆಂದು ಮೆಮೊರಿ ಪೂರ್ತಿ ನಿರಪರಾಧಿ ಎನ್ನಲಾಗದು. ಮೆಮೊರಿ ನಿಧಾನವಾಗಿದ್ದಾಗ ಪ್ರೊಸೆಸರ್ ಆಗಾಗ ಕಾಯುತ್ತ ಕೂರುತ್ತದೆ. ವೇಗದ ಮೆಮೊರಿ ಬಂದರೆ ಆ ಬಿಡುವು ತಪ್ಪುತ್ತದೆ. ಆದ್ದರಿಂದ ಪ್ರೊಸೆಸರಿನ ಕಾವು ಒಂದಿಷ್ಟು ಏರಬಹುದು. ಆದರೆ ಕೆಲಸವೂ ಬೇಗ ಮುಗಿಯುವುದರಿಂದ ಒಟ್ಟು ವಿದ್ಯುತ್ತು ಹೆಚ್ಚಾಗಲೇಬೇಕೆಂದಿಲ್ಲ. ಡಿಡಿಆರ್5 ಪಟ್ಟಿಗಳಲ್ಲಿ ವೋಲ್ಟೇಜ್ ನಿಯಂತ್ರಿಸುವ ಚಿಪ್ ಪಟ್ಟಿಯ ಮೇಲೆಯೇ ಇರುವುದರಿಂದ ಅಲ್ಲಿಯೂ ಸ್ವಲ್ಪ ಬಿಸಿ ಹುಟ್ಟುತ್ತದೆ. ಮೆಮೊರಿಯ ಕೋಶಗಳು ಸೋರುವ ಮಡಕೆಗಳಿದ್ದಂತೆ. ಅವುಗಳಲ್ಲಿನ ವಿದ್ಯುದಂಶವನ್ನು ಪದೇಪದೇ ತುಂಬಿಸುತ್ತಿರಬೇಕು. ಡಿಡಿಆರ್4ರ ತನಕ ಇದು 64 ಮಿಲಿಸೆಕೆಂಡಿಗೊಮ್ಮೆ ನಡೆಯುತ್ತಿತ್ತು; ಉಷ್ಣಾಂಶ 85 ಡಿಗ್ರಿ ದಾಟಿದರೆ ಸೋರಿಕೆ ಹೆಚ್ಚುವುದರಿಂದ ಆ ಅವಧಿಯನ್ನು ಅರ್ಧಕ್ಕೆ ಇಳಿಸಬೇಕಾಗುತ್ತದೆ. ಅಂದರೆ ಬಿಸಿಯು ಮೆಮೊರಿಯನ್ನು ಬಾಧಿಸುವುದು ನಿಜ. ಆದರೆ ಆ ಬಿಸಿ ಸಾಮಾನ್ಯವಾಗಿ ನೆರೆಮನೆಯದು.

ಇಲ್ಲಿ ಒಬ್ಬ ವ್ಯಕ್ತಿಯ ಹೆಸರನ್ನು ಹೇಳದೆ ಮುಂದೆ ಹೋಗುವುದು ಸರಿಯಲ್ಲ. ಐಬಿಎಂ ಸಂಸ್ಥೆಯ ರಾಬರ್ಟ್ ಡೆನ್ನಾರ್ಡ್ 1968ರಲ್ಲಿ ಒಂದೇ ಟ್ರಾನ್ಸಿಸ್ಟರ್ ಬಳಸಿ ಒಂದು ಬಿಟ್ ಮಾಹಿತಿ ಹಿಡಿದಿಡುವ ಮೆಮೊರಿ ಕೋಶಕ್ಕೆ ಪೇಟೆಂಟ್ ಪಡೆದರು. ಇಂದಿನ ಎಲ್ಲ ರ‍್ಯಾಮ್ ಪಟ್ಟಿಗಳ ಮೂಲಪುರುಷ ಅದೇ. 1974ರಲ್ಲಿ ಅವರೂ ಅವರ ಸಹೋದ್ಯೋಗಿಗಳೂ ಇನ್ನೊಂದು ಮಹತ್ವದ ಪ್ರಬಂಧ ಪ್ರಕಟಿಸಿದರು. ಟ್ರಾನ್ಸಿಸ್ಟರಿನ ಗಾತ್ರ ಕುಗ್ಗಿಸಿದಂತೆ ವೋಲ್ಟೇಜನ್ನೂ ಅದೇ ಪ್ರಮಾಣದಲ್ಲಿ ಕುಗ್ಗಿಸಿದರೆ, ವೇಗ ಏರಿದರೂ ಚಿಪ್‌ನ ಪ್ರತಿ ಚದರ ಮಿಲಿಮೀಟರಿಗೆ ಹುಟ್ಟುವ ಶಾಖ ಏರುವುದಿಲ್ಲ ಎಂಬುದು ಅದರ ತಿರುಳು. ಗಾರ್ಡನ್ ಮೂರ್ ಅವರ ಹೆಸರಿನ ನಿಯಮ ಎಲ್ಲರ ಬಾಯಲ್ಲಿದೆ. ಡೆನ್ನಾರ್ಡ್ ಹೆಸರು ತಂತ್ರಜ್ಞರ ವಲಯದಾಚೆಗೆ ಕೇಳಿಬರುವುದಿಲ್ಲ. ಆದರೆ ಸುಮಾರು ಮೂರು ದಶಕ ನಾವು ಬಿಸಿಯ ಚಿಂತೆಯಿಲ್ಲದೆ ವೇಗವನ್ನು ಅನುಭವಿಸಿದ್ದು ಅವರು ತೋರಿಸಿದ ದಾರಿಯಿಂದ. ಅವರು 2024ರಲ್ಲಿ ತೀರಿಕೊಂಡರು.

ಆ ದಾರಿ ಈ ಶತಮಾನದ ಮೊದಲ ದಶಕದಲ್ಲೇ ಮುಗಿದಿತ್ತು. ವೋಲ್ಟೇಜನ್ನು ಒಂದು ಮಟ್ಟಕ್ಕಿಂತ ಇಳಿಸಿದರೆ ಟ್ರಾನ್ಸಿಸ್ಟರ್‌ಗಳು ಸರಿಯಾಗಿ ಮುಚ್ಚಿಕೊಳ್ಳದೆ ವಿದ್ಯುತ್ ಸೋರತೊಡಗುತ್ತದೆ. 2004ರಲ್ಲಿ ಇಂಟೆಲ್ ತನ್ನ 4 ಗಿಗಾಹರ್ಟ್ಸ್ ಪೆಂಟಿಯಂ 4 ಪ್ರೊಸೆಸರನ್ನು ಮಾರುಕಟ್ಟೆಗೆ ತರುವ ಯೋಜನೆಯನ್ನೇ ಕೈಬಿಟ್ಟಿತು. 3.8ಕ್ಕೆ ಓಟ ನಿಂತಿತು. ಅಲ್ಲಿಂದ ಮುಂದೆ ಒಂದು ಚಿಪ್‌ನಲ್ಲಿ ಎರಡು, ನಾಲ್ಕು, ಎಂಟು ಕೋರ್‌ಗಳನ್ನು ಕೂರಿಸುವ ಕಾಲ ಬಂತು. ವೇಗದ ಬೆಲೆಯನ್ನು ನಿಸರ್ಗ ಮೊದಲ ಬಾರಿಗೆ ಬಿಲ್ಲಿನಲ್ಲಿ ಬರೆದು ಕೈಗಿತ್ತಿತ್ತು.

ಓವರ್‌ಕ್ಲಾಕಿಂಗ್ ಹುಟ್ಟಿದ್ದು ಉಳಿತಾಯದ ಉಪಾಯವಾಗಿ. ಆ ಹವ್ಯಾಸದ ಸುವರ್ಣಯುಗವೆಂದರೆ 1998. ಇಂಟೆಲ್‌ನ ಅಗ್ಗದ ಸೆಲೆರಾನ್ 300ಎ ಪ್ರೊಸೆಸರನ್ನು ಉತ್ಸಾಹಿ ತರುಣರು 300ರ ಬದಲು 450 ಮೆಗಾಹರ್ಟ್ಸ್‌ನಲ್ಲಿ ಓಡಿಸಿ, ಹಲವು ಪಟ್ಟು ದುಬಾರಿಯಾದ ಚಿಪ್‌ಗಳಿಗೆ ಸರಿಸಾಟಿಯಾಗಿಸಿದರು. ತಯಾರಕ ಜಾಗರೂಕತೆಯಿಂದ ಬಿಟ್ಟಿದ್ದ ಅಂತರವನ್ನು ಬಳಕೆದಾರ ತನ್ನ ಜವಾಬ್ದಾರಿಯ ಮೇಲೆ ಬಳಸಿಕೊಂಡ. ಸುಟ್ಟರೆ ಅವನದೇ ನಷ್ಟ. ಅದರಲ್ಲಿ ಒಂದು ನ್ಯಾಯವಿತ್ತು. ಇಂದು ಆ ಅಂತರವನ್ನು ತಯಾರಕನೇ ಕಾರ್ಖಾನೆಯಲ್ಲಿ ಕಬಳಿಸಿಬಿಟ್ಟಿದ್ದಾನೆ. ಪ್ರತಿಸ್ಪರ್ಧಿಗಿಂತ ಶೇ 3 ಮುಂದಿದ್ದೇವೆಂದು ಪತ್ರಿಕಾ ಪರೀಕ್ಷೆಗಳಲ್ಲಿ ತೋರಿಸಿಕೊಳ್ಳುವ ಹಟಕ್ಕೆ ಚಿಪ್‌ಗಳನ್ನು ಇಳಿಮುಖ ಪ್ರತಿಫಲದ ತುತ್ತತುದಿಯಲ್ಲಿ ನಿಲ್ಲಿಸಿ ಮಾರಲಾಗುತ್ತಿದೆ. ಓವರ್‌ಕ್ಲಾಕಿಂಗ್ ಎಂಬ ಪದವನ್ನೇ ಕೇಳಿರದ ಗೃಹಸ್ಥನ ಮನೆಗೆ ಅದು ಪೆಟ್ಟಿಗೆಯೊಳಗೇ ಕುಳಿತು ಬರುತ್ತದೆ.

ಇದು ಉತ್ಪ್ರೇಕ್ಷೆಯಲ್ಲ ಎಂಬುದಕ್ಕೆ ಎರಡು ಪ್ರಕರಣಗಳಿವೆ. ಎರಡೂ ಬಹಿರಂಗವಾಗಿ ದಾಖಲಾದವು.

2023ರ ಏಪ್ರಿಲ್‌ನಲ್ಲಿ ಎಎಂಡಿ ಸಂಸ್ಥೆಯ ರೈಜನ್ 7000 ಸರಣಿಯ, ಅದರಲ್ಲೂ 'ಎಕ್ಸ್3ಡಿ' ಎಂಬ ಗುರುತಿನ ಪ್ರೊಸೆಸರ್‌ಗಳು ಸುಟ್ಟುಹೋಗುತ್ತಿರುವ ವರದಿಗಳು ಬಂದವು. ಕೆಲವು ಚಿಪ್‌ಗಳು ಉಬ್ಬಿ, ಅವು ಕುಳಿತಿದ್ದ ಮದರ್‌ಬೋರ್ಡಿನ ಸಾಕೆಟ್ ಕೂಡ ಕರಕಲಾಗಿತ್ತು. ಎಲ್ಲರ ಗಮನ ಹರಿದದ್ದು ಮೆಮೊರಿಯ ಕಡೆಗೆ. ವೇಗದ ರ‍್ಯಾಮ್ ಕೊಂಡವರು ಅದರ ಪೂರ್ಣ ವೇಗ ಪಡೆಯಲು ಎಕ್ಸ್‌ಪೊ ಎಂಬ ಒಂದು ಸಿದ್ಧ ಹೊಂದಾಣಿಕೆಯನ್ನು ಆನ್ ಮಾಡಬೇಕು. ಹಾಗೆ ಮಾಡಿದಾಗ ಮದರ್‌ಬೋರ್ಡ್‌ಗಳು ಮೆಮೊರಿಗೆ ಮಾತ್ರವಲ್ಲದೆ ಪ್ರೊಸೆಸರಿನೊಳಗೆ ಮೆಮೊರಿಯನ್ನು ನಿರ್ವಹಿಸುವ ಭಾಗಕ್ಕೂ ಹೆಚ್ಚಿನ ವೋಲ್ಟೇಜ್ ಕೊಡುತ್ತಿದ್ದವು. ಆ ವೋಲ್ಟೇಜ್ 1.3 ದಾಟಬಾರದೆಂದು ಎಎಂಡಿ ಮಿತಿ ಹಾಕಿ, ಮದರ್‌ಬೋರ್ಡ್ ತಯಾರಕರು ಹೊಸ ಬಯಾಸ್ ಬಿಡುಗಡೆ ಮಾಡಿದರು. ನಮ್ಮ ಮೂಲ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ವೇಗದ ಮೆಮೊರಿ ತಾನಾಗಿ ಏನನ್ನೂ ಸುಡಲಿಲ್ಲ. ಅದನ್ನು ಮಾನದಂಡ ಮೀರಿ ಓಡಿಸಲು ಪಕ್ಕದ ಚಿಪ್‌ಗೆ ಉಣಿಸಿದ ವೋಲ್ಟೇಜ್ ಕೆಡುಕು ಮಾಡಿತು.

ಎರಡನೆಯದು ಇಂಟೆಲ್‌ನದು. 2022 ಮತ್ತು 2023ರಲ್ಲಿ ಬಂದ 13, 14ನೇ ಪೀಳಿಗೆಯ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳನ್ನು ಕೊಂಡವರ ಯಂತ್ರಗಳು ಕೆಲವು ತಿಂಗಳ ಬಳಕೆಯ ನಂತರ ಅಕಾರಣವಾಗಿ ಮುಗ್ಗರಿಸತೊಡಗಿದವು. ಬಹಳ ಕಾಲ ದೂರು ಒಬ್ಬರಿಂದೊಬ್ಬರಿಗೆ ಚೆಂಡಿನಂತೆ ಪುಟಿಯಿತು. ಆಟದ ತಂತ್ರಾಂಶದ ತಪ್ಪು, ಮದರ್‌ಬೋರ್ಡಿನವರ ತಪ್ಪು ಎಂದೆಲ್ಲ ಹೇಳಲಾಯಿತು. ಮದರ್‌ಬೋರ್ಡ್‌ಗಳು ಇಂಟೆಲ್ ಸೂಚಿಸಿದ ವಿದ್ಯುತ್ ಮಿತಿಗಳನ್ನು ಸಡಿಲಿಸಿಯೇ ಮಾರಾಟವಾಗುತ್ತಿದ್ದುದೂ ನಿಜವೇ. ಕೊನೆಗೆ 2024ರ ಜುಲೈನಲ್ಲಿ, ಪ್ರೊಸೆಸರ್ ತಾನೇ ಅಗತ್ಯಕ್ಕಿಂತ ಹೆಚ್ಚಿನ ವೋಲ್ಟೇಜ್ ಕೇಳುತ್ತಿತ್ತೆಂದು ಇಂಟೆಲ್ ಒಪ್ಪಿಕೊಂಡಿತು. ತಿದ್ದುಪಡಿ ಬಂತು, ವಾರಂಟಿ ಎರಡು ವರ್ಷ ಹೆಚ್ಚಿತು. ಆದರೆ ಈಗಾಗಲೇ ಸವೆದಿದ್ದ ಚಿಪ್ಪನ್ನು ಯಾವ ತಿದ್ದುಪಡಿಯೂ ಸರಿಪಡಿಸಲಾರದು. ಬದಲಿ ಚಿಪ್ ಪಡೆಯುವುದೊಂದೇ ದಾರಿ. ಈ ಗ್ರಾಹಕರಲ್ಲಿ ಬಹುಮಂದಿ ಓವರ್‌ಕ್ಲಾಕಿಂಗ್ ಮಾಡಿದವರಲ್ಲ ಎಂಬುದನ್ನು ಗಮನಿಸಬೇಕು.

1970ರಲ್ಲಿ ಜಾರ್ಜ್ ಅಕರ್‌ಲಾಫ್ ಹಳೆಯ ಕಾರುಗಳ ಮಾರುಕಟ್ಟೆಯನ್ನು ಕುರಿತು ಬರೆದ ಪ್ರಬಂಧವನ್ನು ನಮ್ಮ ಕಾಲದ ಎಂ.ಎ. ವಿದ್ಯಾರ್ಥಿಗಳೆಲ್ಲ ಓದಿದ್ದೇವೆ. ಮಾರುವವನಿಗೆ ತಿಳಿದಿದ್ದು ಕೊಳ್ಳುವವನಿಗೆ ತಿಳಿಯದಿದ್ದರೆ ಮಾರುಕಟ್ಟೆ ಕೆಡುತ್ತದೆ ಎಂಬುದು ಅದರ ವಾದ. ರ‍್ಯಾಮ್ ಪಟ್ಟಿಯ ಪೊಟ್ಟಣವನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ದಪ್ಪ ಅಕ್ಷರದಲ್ಲಿ 6000 ಎಂದೋ 6400 ಎಂದೋ ಇರುತ್ತದೆ. ಅದು ಎಷ್ಟೋ ಸಲ ಎಕ್ಸ್ಎಂಪಿ ಅಥವಾ ಎಕ್ಸ್‌ಪೊ ಹೊಂದಾಣಿಕೆಯಲ್ಲಿ, 1.1ರ ಬದಲು 1.35 ಅಥವಾ 1.4 ವೋಲ್ಟ್ ಕೊಟ್ಟಾಗ ದಕ್ಕುವ ವೇಗ. ಹಾಗೆ ಮಾಡುವುದು ಓವರ್‌ಕ್ಲಾಕಿಂಗ್ ಎಂದೂ ಅದರಿಂದ ಪ್ರೊಸೆಸರಿನ ವಾರಂಟಿಗೆ ಧಕ್ಕೆ ಬರಬಹುದೆಂದೂ ಪ್ರೊಸೆಸರ್ ತಯಾರಕರ ಷರತ್ತುಗಳಲ್ಲಿದೆ. ಒಬ್ಬ ವ್ಯಾಪಾರಿ ದಪ್ಪ ಅಕ್ಷರದಲ್ಲಿ ಮಾರಿದ್ದನ್ನು ಇನ್ನೊಬ್ಬ ಸಣ್ಣ ಅಕ್ಷರದಲ್ಲಿ ನಿಷೇಧಿಸುತ್ತಾನೆ. ನಡುವೆ ನಿಂತ ಗ್ರಾಹಕ, ಮಗನ ಎಂಜಿನಿಯರಿಂಗ್ ಓದಿಗೆಂದು ಸಾಲ ಮಾಡಿ ಯಂತ್ರ ಕೊಂಡ ಅಪ್ಪ, ಎರಡನ್ನೂ ಓದಿರುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮ ದಾರಿತಪ್ಪಿಸುವ ಜಾಹೀರಾತಿನ ಬಗ್ಗೆ ಕಟುವಾಗಿ ಮಾತನಾಡುತ್ತದೆ. ಈ ದಪ್ಪ ಅಕ್ಷರವನ್ನು ಅದರ ಮುಂದಿಟ್ಟು ನೋಡಬೇಕಾದ ಕಾಲ ಬಂದಿದೆ.

ಇನ್ನು ನಮ್ಮ ಹವೆಯ ವಿಚಾರ. ಇದನ್ನು ತಂತ್ರಜ್ಞಾನದ ಪುಟಗಳಲ್ಲಿ ಯಾರೂ ಬರೆಯುವುದಿಲ್ಲ, ಆದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ. ಫ್ಯಾನ್ ಮತ್ತು ಹೀಟ್‌ಸಿಂಕ್ ಚಿಪ್ಪನ್ನು ಕೊಠಡಿಯ ಗಾಳಿಗಿಂತ ತಣ್ಣಗೆ ಮಾಡಲಾರವು. ಒಂದು ನಿರ್ದಿಷ್ಟ ಹೊರೆಯಲ್ಲಿ ಚಿಪ್ ಕೊಠಡಿಗಿಂತ ಇಂತಿಷ್ಟು ಡಿಗ್ರಿ ಮೇಲಿರುತ್ತದೆ ಎಂಬುದಷ್ಟೇ ಲೆಕ್ಕ. ಹವಾನಿಯಂತ್ರಿತ ಪ್ರಯೋಗಾಲಯದ 22 ಡಿಗ್ರಿಯಲ್ಲಿ 80 ತೋರಿಸಿದ ಚಿಪ್, ರಾಯಚೂರಿನ ಮೇ ತಿಂಗಳ 40 ಡಿಗ್ರಿಯ ಕೊಠಡಿಯಲ್ಲಿ 98ರ ಹತ್ತಿರ ಹೋಗುತ್ತದೆ. ಇಂದಿನ ಪ್ರೊಸೆಸರ್‌ಗಳು 95ರಿಂದ 100 ಡಿಗ್ರಿ ತಲುಪಿದೊಡನೆ ತಮ್ಮನ್ನು ರಕ್ಷಿಸಿಕೊಳ್ಳಲು ವೇಗ ತಗ್ಗಿಸಿಕೊಳ್ಳುತ್ತವೆ. ಹೆಚ್ಚು ಹಣ ತೆತ್ತು ಕೊಂಡ ಕೊನೆಯ ಶೇ 5ರ ವೇಗ, ಬೇಕಾದ ಹೊತ್ತಿನಲ್ಲೇ ಇಲ್ಲವಾಗುತ್ತದೆ. ಬೆಂಗಳೂರಿನವರು ನಮ್ಮದು ತಂಪಿನ ಊರೆಂದು ಬೀಗಬೇಕಾಗಿಲ್ಲ. 900 ಮೀಟರಿಗೂ ಮಿಕ್ಕ ಎತ್ತರದ ಈ ಊರಿನ ಗಾಳಿ ಸಮುದ್ರಮಟ್ಟದ್ದಕ್ಕಿಂತ ಸುಮಾರು ಶೇ 9ರಷ್ಟು ತೆಳು. ಅದೇ ಫ್ಯಾನ್ ಅಷ್ಟೇ ಸುತ್ತು ತಿರುಗಿದರೂ ಹೊತ್ತೊಯ್ಯುವ ಶಾಖ ಅಷ್ಟು ಕಡಿಮೆ.

ನಾನು ಸೇವೆಯಲ್ಲಿದ್ದಾಗ ಕಂಡ ಒಂದು ಸಂಗತಿ ಇಲ್ಲಿ ಪ್ರಸ್ತುತ. 'ಭೂಮಿ' ಯೋಜನೆಯಡಿ ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕೈಬರಹದಿಂದ ಕಂಪ್ಯೂಟರಿಗೆ ಬಂದ ನಂತರದ ವರ್ಷಗಳು. ಉತ್ತರ ಕರ್ನಾಟಕದ ಒಂದು ಕಚೇರಿಯಲ್ಲಿ ಏಪ್ರಿಲ್ ಬಂತೆಂದರೆ ಮಧ್ಯಾಹ್ನ ಹನ್ನೆರಡರ ಮೇಲೆ ಯಂತ್ರಗಳು ಒಂದೊಂದಾಗಿ ನಿಲ್ಲುತ್ತಿದ್ದವು. ಬೆಳೆಸಾಲಕ್ಕೆ ಪಹಣಿ ಬೇಕೆಂದು ಹತ್ತಾರು ಮೈಲಿಯಿಂದ ಬಂದ ರೈತರು ಸಂಜೆಯವರೆಗೆ ಮರದ ನೆರಳಲ್ಲಿ ಕೂರಬೇಕು. ಸರಬರಾಜುದಾರ, ಮೆಮೊರಿ ಸಾಲದಾಗಿದೆ, ಹೆಚ್ಚು ವೇಗದ್ದು ಹಾಕಿಸಬೇಕು ಎಂದು ಅಂದಾಜುಪಟ್ಟಿ ಕೊಟ್ಟಿದ್ದ. ಕಡತ ನನ್ನ ಮೇಜಿಗೆ ಬಂತು. ಸಮೀಪದ ಪಾಲಿಟೆಕ್ನಿಕ್‌ನಲ್ಲಿ ಪಾಠ ಹೇಳುತ್ತಿದ್ದ ತರುಣರೊಬ್ಬರನ್ನು ಕರೆಸಿ ಪೆಟ್ಟಿಗೆ ತೆರೆಸಿದೆವು. ಹೀಟ್‌ಸಿಂಕಿನ ಎಸಳುಗಳ ನಡುವೆ ಧೂಳು ಕಂಬಳಿಯಂತೆ ಹೆಪ್ಪುಗಟ್ಟಿತ್ತು. ಪೆಟ್ಟಿಗೆಗಳನ್ನೆಲ್ಲ ಮರದ ಮೇಜಿನ ಕಪಾಟಿನೊಳಗೆ ಇಟ್ಟು, ಧೂಳು ತಾಗದಿರಲೆಂದು ಮೇಲೆ ಬಟ್ಟೆಯ ಗವುಸನ್ನೂ ಹೊದಿಸಲಾಗಿತ್ತು! ಬಣ್ಣ ಬಳಿಯುವ ಒಂದು ಕುಂಚ, ಒಂದು ಹಿಡಿ ಊದುಗಾಳಿ, ಕಪಾಟಿನ ಬಾಗಿಲು ಕಳಚಲು ಒಬ್ಬ ಬಡಗಿ. ಅಂದಾಜುಪಟ್ಟಿ ವಾಪಸು ಹೋಯಿತು. ಆ ಬೇಸಿಗೆಯಲ್ಲಿ ಯಂತ್ರಗಳು ಮತ್ತೆ ಮಧ್ಯಾಹ್ನ ನಿದ್ರಿಸಲಿಲ್ಲ.

ಬಿಸಿ ಮಿತಿ ಮೀರಿದರೆ ಯಂತ್ರ ನಿಲ್ಲುವುದೇ ಮೇಲು. ನಿಲ್ಲದೆ ತಪ್ಪು ಮಾಡುವ ಯಂತ್ರ ಹೆಚ್ಚು ಅಪಾಯಕಾರಿ. ಮಿತಿ ಮೀರಿ ಓಡುವ ಮೆಮೊರಿಯಲ್ಲಿ ಒಂದು ಸೊನ್ನೆ ಒಂದಾದರೆ, ಸರ್ವೆ ನಂಬರಿನ ಒಂದು ಅಂಕಿಯೋ ಲೆಕ್ಕಪತ್ರದ ಒಂದು ಸ್ಥಾನವೋ ಸದ್ದಿಲ್ಲದೆ ಬದಲಾಗಬಹುದು. ಅದಕ್ಕಾಗಿಯೇ ಸರ್ವರ್‌ಗಳಲ್ಲಿ 64 ಬಿಟ್‌ಗಳಿಗೆ 8 ಬಿಟ್‌ಗಳ ಕಾವಲಿಟ್ಟು, ಒಂದು ತಪ್ಪನ್ನು ತಾನೇ ತಿದ್ದುವ, ಎರಡಾದರೆ ಎಚ್ಚರಿಸುವ ಮೆಮೊರಿ ಬಳಸುತ್ತಾರೆ. ಗೂಗಲ್ ಸಂಸ್ಥೆಯ ಸರ್ವರ್‌ಗಳ ಮೆಮೊರಿ ತಪ್ಪುಗಳನ್ನು ಕುರಿತು ಟೊರಾಂಟೊ ವಿಶ್ವವಿದ್ಯಾಲಯದ ಸಂಶೋಧಕರ ಸಹಭಾಗಿತ್ವದಲ್ಲಿ 2009ರಲ್ಲಿ ಪ್ರಕಟವಾದ ಅಧ್ಯಯನ ಈ ಸಂದರ್ಭದಲ್ಲಿ ಉಲ್ಲೇಖನೀಯ. ಮಿತಿಯೊಳಗೆ ನಡೆಯುತ್ತಿರುವ ಮೆಮೊರಿಯಲ್ಲಿ ಉಷ್ಣಾಂಶದ ಏರಿಳಿತದಿಂದ ತಪ್ಪುಗಳು ಹೆಚ್ಚುವುದು ನಿರೀಕ್ಷೆಗಿಂತ ಬಹಳ ಕಡಿಮೆ ಎಂದು ಅದು ಕಂಡುಕೊಂಡಿತು. ಮಾನದಂಡವನ್ನು ಬರೆದವರು ಬಿಸಿಗೂ ಜಾಗ ಬಿಟ್ಟೇ ಬರೆದಿರುತ್ತಾರೆ. ಆ ಜಾಗವನ್ನು ಓವರ್‌ಕ್ಲಾಕಿಂಗ್ ತಿಂದುಹಾಕುತ್ತದೆ.

ಮನೆಯ ಖರ್ಚಿನ ಲೆಕ್ಕವೂ ಇರಲಿ. ವೇಗದ ಕೊನೆಯ ತುಣುಕಿಗಾಗಿ 100 ವಾಟ್ ಹೆಚ್ಚು ಎಳೆಯುವ ಯಂತ್ರ ದಿನಕ್ಕೆ 5 ಗಂಟೆ ನಡೆದರೆ ವರ್ಷಕ್ಕೆ 182 ಯೂನಿಟ್. ಯೂನಿಟ್‌ಗೆ 6 ರೂಪಾಯಿ ಎಂದಿಟ್ಟುಕೊಂಡರೆ ಸುಮಾರು 1,100 ರೂಪಾಯಿ. ಕೊಠಡಿಗೆ ಎ.ಸಿ. ಇದ್ದರೆ ಆ ಶಾಖವನ್ನು ಹೊರದೂಡಲು ಅದರ ಮೂರನೇ ಒಂದು ಭಾಗದಷ್ಟು ವಿದ್ಯುತ್ತು ಮತ್ತೆ ಬೇಕು. ದೊಡ್ಡ ಮೊತ್ತವೇನಲ್ಲ, ಆದರೆ ಖರೀದಿಸುವಾಗ ಯಾರೂ ಹೇಳದ ಮೊತ್ತ.

ಮನೆಯ ಪೆಟ್ಟಿಗೆಯಲ್ಲಿ ನಡೆಯುವುದೇ ದತ್ತಾಂಶ ಕೇಂದ್ರಗಳಲ್ಲಿ ಬೃಹತ್ತಾಗಿ ನಡೆಯುತ್ತಿದೆ. ಕೃತಕ ಬುದ್ಧಿಮತ್ತೆಗೆ ಬಳಸುವ ಎನ್ವಿಡಿಯಾದ ಎಚ್100 ಎಂಬ ಒಂದು ಘಟಕ 700 ವಾಟ್‌ವರೆಗೆ ಎಳೆಯುತ್ತದೆ. ಅದರ ಮೆಮೊರಿಯಲ್ಲಿ ಚಿಪ್‌ಗಳನ್ನು ದೋಸೆಗಳಂತೆ ಒಂದರ ಮೇಲೊಂದು ಪೇರಿಸಿರುವುದರಿಂದ ಕೆಳಗಿನ ಪದರದ ಶಾಖ ಮೇಲಿನವನ್ನೆಲ್ಲ ಹಾದು ಬರಬೇಕು. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಅಂದಾಜಿನಂತೆ ಜಗತ್ತಿನ ದತ್ತಾಂಶ ಕೇಂದ್ರಗಳು 2024ರಲ್ಲಿ ಬಳಸಿದ್ದು ಸುಮಾರು 41,500 ಕೋಟಿ ಯೂನಿಟ್. 2030ರ ವೇಳೆಗೆ ಅದು ದುಪ್ಪಟ್ಟಿಗೂ ಹೆಚ್ಚಾಗಲಿದೆ. ದಕ್ಷತೆ ಹೆಚ್ಚಿದರೆ ಬಳಕೆ ತಗ್ಗುತ್ತದೆಂಬ ನಂಬಿಕೆಯನ್ನು 1865ರಲ್ಲೇ, ಕಲ್ಲಿದ್ದಲಿನ ಸಂದರ್ಭದಲ್ಲಿ, ಜೆವನ್ಸ್ ಪ್ರಶ್ನಿಸಿದ್ದರು. 2024ರ ಬೇಸಿಗೆಯಲ್ಲಿ ಕುಡಿಯುವ ನೀರಿಗೆ ಪರದಾಡಿದ ಬೆಂಗಳೂರು, ನೀರಿನಿಂದ ತಂಪಾಗುವ ಇಂಥ ಕೇಂದ್ರಗಳಿಗೆ ಎಷ್ಟು ಜಾಗ ಕೊಡಬೇಕೆಂಬುದು ಪ್ರತ್ಯೇಕ ಲೇಖನದ ವಸ್ತು.

ಹಾಗಾದರೆ ಮಾಡಬೇಕಾದದ್ದೇನು? ಮನೆಯ ಮಟ್ಟದಲ್ಲಿ ಉತ್ತರ ಸುಲಭ. ವರ್ಷಕ್ಕೊಮ್ಮೆ ಪೆಟ್ಟಿಗೆ ತೆರೆಸಿ ಧೂಳು ತೆಗೆಸುವುದು, ಒಣಗಿದ ಥರ್ಮಲ್ ಪೇಸ್ಟ್ ಬದಲಿಸುವುದು, ಗೋಡೆಯಿಂದ ಒಂದು ಗೇಣು ದೂರ ಇಡುವುದು, ಹೊಸ ಬಯಾಸ್ ಹಾಕಿಸುವುದು. ಪ್ರೊಸೆಸರಿನ ವಿದ್ಯುತ್ ಮಿತಿಯನ್ನು ತಗ್ಗಿಸುವ ಆಯ್ಕೆ ಬಹುತೇಕ ಹೊಸ ಡೆಸ್ಕ್‌ಟಾಪ್ ಯಂತ್ರಗಳಲ್ಲಿದೆ. ಎಎಂಡಿಯವರು ಅದನ್ನು ಇಕೊ ಮೋಡ್ ಎನ್ನುತ್ತಾರೆ. ಮೇಲೆ ಹೇಳಿದ ವರ್ಗದ ಲೆಕ್ಕ ಇಳಿಯುವಾಗಲೂ ಅಷ್ಟೇ ನಿಜ. ವೇಗ, ವೋಲ್ಟೇಜ್ ಎರಡನ್ನೂ ಶೇ 10 ಇಳಿಸಿದರೆ ಶಾಖ ಶೇ 27 ಇಳಿಯುತ್ತದೆ. ಪತ್ರ ಟೈಪಿಸುವವರಿಗೂ ಲೆಕ್ಕ ಬರೆಯುವವರಿಗೂ ಆ ಶೇ 10 ಕಳೆದುಹೋದದ್ದು ಗೊತ್ತೇ ಆಗುವುದಿಲ್ಲ. ಹೊಸ ಮೆಮೊರಿ ಬೇಕೆನಿಸಿದರೆ ವೇಗಕ್ಕಿಂತ ಪ್ರಮಾಣಕ್ಕೆ ಹಣ ಹಾಕುವುದು ಹೆಚ್ಚಿನವರಿಗೆ ಲಾಭದಾಯಕ.

ಸರ್ಕಾರದ ಮಟ್ಟದಲ್ಲಿ ಎರಡು ಕೆಲಸ ಉಳಿದಿವೆ. ಇಂಧನ ದಕ್ಷತಾ ಬ್ಯೂರೊ 2006ರಲ್ಲಿ ಆರಂಭಿಸಿದ ನಕ್ಷತ್ರ ಗುರುತಿನಿಂದ ಫ್ರಿಜ್ ಮತ್ತು ಎ.ಸಿ. ಕೊಳ್ಳುವ ನಮ್ಮ ಅಭ್ಯಾಸವೇ ಬದಲಾಯಿತು. ಅಂಗಡಿಗೆ ಹೋದ ಗೃಹಿಣಿ ಮೊದಲು ನಕ್ಷತ್ರ ಎಣಿಸುತ್ತಾಳೆ. ಪೂರ್ಣ ಹೊರೆಯಲ್ಲಿ ಎಷ್ಟು ವಾಟ್, ಮಾನದಂಡದ ವೋಲ್ಟೇಜಿನಲ್ಲಿ ಮೆಮೊರಿಯ ವೇಗ ಎಷ್ಟು ಎಂಬ ಎರಡು ಅಂಕಿಗಳನ್ನು ಡೆಸ್ಕ್‌ಟಾಪ್ ಪೆಟ್ಟಿಗೆಯ ಮೇಲೂ ರ‍್ಯಾಮ್ ಪೊಟ್ಟಣದ ಮೇಲೂ ಕಡ್ಡಾಯಗೊಳಿಸಲು ಹೊಸ ಸಂಶೋಧನೆಯೇನೂ ಬೇಕಾಗಿಲ್ಲ.

ಇನ್ನೊಂದು ಖರೀದಿಗೆ ಸಂಬಂಧಿಸಿದ್ದು. ಸಾರ್ವಜನಿಕ ಖರೀದಿಯಲ್ಲಿ ಪಾರದರ್ಶಕತೆಗೆಂದು ರಾಜ್ಯದಲ್ಲಿ 1999ರ ಅಧಿನಿಯಮವಿದೆ. ಅದರಡಿ ಕರೆಯುವ ಟೆಂಡರುಗಳಲ್ಲಿ ಗಿಗಾಹರ್ಟ್ಸ್ ಎಷ್ಟು, ಗಿಗಾಬೈಟ್ ಎಷ್ಟು ಎಂದು ಕೇಳುವ ಪರಿಪಾಠವನ್ನು ನಾನು ಸೇವೆಯುದ್ದಕ್ಕೂ ಕಂಡಿದ್ದೇನೆ. ಯಂತ್ರ ನಡೆಯಬೇಕಾದ ಕೊಠಡಿ ಎಂಥದು ಎಂಬುದು ನನ್ನ ಕಣ್ಣಿಗೆ ಬಿದ್ದ ಕಡತಗಳಲ್ಲಿ ಇರುತ್ತಿರಲಿಲ್ಲ. '40 ಡಿಗ್ರಿ ಸೆಲ್ಸಿಯಸ್ ಕೊಠಡಿಯಲ್ಲಿ, ಪೂರ್ಣ ಹೊರೆಯಲ್ಲಿ, ಸತತ ಎಂಟು ಗಂಟೆ, ನಿಗದಿತ ವೇಗ ತಗ್ಗದೆ ನಡೆಯಬೇಕು. ಮೆಮೊರಿಯು ಮಾನದಂಡದ ವೋಲ್ಟೇಜಿನಲ್ಲಿಯೇ ಇರಬೇಕು' ಎಂಬ ಒಂದು ವಾಕ್ಯವನ್ನು ತಾಂತ್ರಿಕ ಷರತ್ತುಗಳಿಗೆ ಸೇರಿಸಿದರೆ ಸಾಕು. ಅದಕ್ಕೆ ಶಾಸಕಾಂಗದ ಒಪ್ಪಿಗೆ ಬೇಡ. ಇಲಾಖೆಯ ಕಾರ್ಯದರ್ಶಿಯವರ ಸಹಿಯಿರುವ ಒಂದು ಪುಟದ ಸುತ್ತೋಲೆಯನ್ನು ಮುಂದಿನ ಬೇಸಿಗೆಗೆ ಮುನ್ನ ಕಲಬುರಗಿ, ರಾಯಚೂರು, ಬಳ್ಳಾರಿಯ ಕಚೇರಿಗಳಿಗೆ ಮೊದಲು ಕಳುಹಿಸಬಹುದು.